ಕರೆಯೂ ಕಿವಿಯೂ

(ಆಕಾಶವಾಣಿ ಭಾಷಣ)



ಮೂಡಿಗೆರೆಯ ಆಚೆ, ಘಟ್ಟವು ಇನ್ನೇನು ಪಶ್ಚಿಮಕ್ಕೆ ಧುಮುಕಿಬಿಡುತ್ತದೆ ಎನ್ನುವ ಅಂಚಿನಲ್ಲಿ, ದೇವರಮನೆ ಎಂಬ ಸ್ಥಳವಿದೆ. ಹುಲ್ಲು ಹೊದ್ದ ಗುಡ್ಡಗಳು, ಅವುಗಳ ಮಡಿಲಲ್ಲಿ ಶೋಲೆ ಕಾಡು, ನಡುವೆ ಕಾಲಭೈರವೇಶ್ವರನ ಹಳೆಯ ಗುಡಿ. ಮಳೆಗಾಲದಲ್ಲಿ ಅಲ್ಲಿ ಮಂಜು ಕವಿದರೆ ನಾಲ್ಕು ಮಾರು ದೂರದಲ್ಲಿ ನಿಂತವನ ಮುಖ ಕಾಣಿಸದು. ಆ ಗುಡ್ಡಗಳ ಮೂಡಲ ತಪ್ಪಲಿನ ಒಂದು ಕಾಫಿ ತೋಟದ ಮನೆಯಲ್ಲಿ ನಾನು ಹುಟ್ಟಿ ಬೆಳೆದವನು. ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ಅಪ್ಪಯ್ಯ ಒಂದು ಟ್ರಾನ್ಸಿಸ್ಟರ್ ರೇಡಿಯೊ ಕೊಂಡುತಂದರು. ಮನೆಯಿದ್ದುದು ಕಣಿವೆಯಲ್ಲಿ. ಎಷ್ಟು ತಿರುಗಿಸಿದರೂ ಪೆಟ್ಟಿಗೆಯಿಂದ ಹೊರಡುತ್ತಿದ್ದುದು ಕಾದ ಬಾಣಲೆಗೆ ನೀರು ಚಿಮುಕಿಸಿದಂಥ ಸದ್ದು ಮಾತ್ರ. ಅದನ್ನೇ ಹೆಗಲಿಗೆ ನೇತುಹಾಕಿಕೊಂಡು ಗುಡ್ಡದ ನೆತ್ತಿಗೆ ಹತ್ತಿದರೆ ಭದ್ರಾವತಿ ನಿಲಯದ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಭದ್ರಾವತಿಯವರು ಹಾಡು ನಿಲ್ಲಿಸಿಬಿಟ್ಟರೆಂದು ನಾನು ಮನೆಯಲ್ಲಿ ರಂಪ ಮಾಡಿದಾಗ ಅಪ್ಪಯ್ಯ ಹೇಳಿದ ಮಾತು ಇಂದಿಗೂ ನೆನಪಿದೆ: "ಅವರು ಹೇಳೋದು ನಿಲ್ಲಿಸಿಲ್ಲ ಮಗ; ನಮ್ಮ ಪೆಟ್ಟಿಗೆಗೆ ಇಲ್ಲಿ ಕೇಳಿಸೋದಿಲ್ಲ, ಅಷ್ಟೇ."

ಈ ಮಾತನ್ನು ಮತ್ತೆ ನೆನೆಯುವ ಸಂದರ್ಭ ಎರಡು ದಶಕಗಳ ತರುವಾಯ, ಒಬ್ಬ ವೈದ್ಯರ ಎದುರು ಕುಳಿತಿದ್ದಾಗ ಒದಗಿತು. ಇಂದಿನ ಭಾಷಣದ ವಿಷಯವೂ ಅದೇ. ಗಂಡಿನ ದೇಹ ಗಂಡಾಗಿ ರೂಪುಗೊಳ್ಳುವಲ್ಲಿ, ಮುಂದೆ ಆತ ತಂದೆಯಾಗುವಲ್ಲಿ, ಹಾರ್ಮೋನುಗಳೂ ಅವುಗಳ ಕರೆಯನ್ನು ಕೇಳಿಸಿಕೊಳ್ಳುವ ಗ್ರಾಹಕಗಳೂ ವಹಿಸುವ ಪಾತ್ರ. ಮೂವತ್ತು ವರ್ಷ ಪಂಪ ರನ್ನರನ್ನೂ ಹಳಗನ್ನಡ ವ್ಯಾಕರಣವನ್ನೂ ಪಾಠ ಹೇಳಿದವನು ಇಂಥ ವಿಷಯಕ್ಕೆ ಕೈಹಾಕುವುದು ಉದ್ಧಟತನವೆಂದು ನಿಮಗೆ ತೋರಬಹುದು. ಆದರೆ ಇದರಲ್ಲಿ ಶರೀರಶಾಸ್ತ್ರದಷ್ಟೇ ಭಾಷೆಯ ಪ್ರಶ್ನೆಯೂ ಇದೆ. ನನ್ನ ಮನೆಯ ಪ್ರಶ್ನೆಯೂ ಇದೆ.

ಮೊದಲು ಭಾಷೆಯ ಮಾತು. ಮಕ್ಕಳಿಲ್ಲದ ಹೆಣ್ಣಿಗೆ ನಮ್ಮಲ್ಲಿ 'ಬಂಜೆ' ಎಂಬ ಪದವುಂಟು. ಸಂಸ್ಕೃತದ 'ವಂಧ್ಯಾ' ಶಬ್ದದ ತದ್ಭವ ಅದು. ತೊಟ್ಟಿಲು ತೂಗದವಳ, ಸೀಮಂತದ ಮನೆಗೆ ಕರೆಯಿಸಿಕೊಳ್ಳದವಳ ಅಳಲನ್ನು ನಮ್ಮ ಗರತಿಯರು ಎದೆ ಕರಗುವಂತೆ ಹಾಡಿದ್ದಾರೆ. ಮಕ್ಕಳಿಲ್ಲದ ಗಂಡಸಿಗೆ ಪದವೇನು? 'ಷಂಡ', 'ನಪುಂಸಕ' ಎನ್ನುವಿರಾದರೆ, ಅವು ಬೈಗುಳಗಳು, ಅರ್ಥವೂ ಬೇರೆ. ದಾಂಪತ್ಯಕ್ಕೆ ಶಕ್ತನಾಗಿದ್ದೂ, ಗಡ್ಡಮೀಸೆ ಬೆಳೆದು ಕಾಫಿಯ ಮೂಟೆ ಹೊರಬಲ್ಲವನಾಗಿದ್ದೂ, ತಂದೆಯಾಗಲಾರದ ಗಂಡಸನ್ನು ಹೆಸರಿಸುವ ಒಂದು ಸಾಧಾರಣ ಕನ್ನಡ ಪದಕ್ಕಾಗಿ ನಾನು ಬಹಳ ಹುಡುಕಿದೆ, ದೊರೆಯಲಿಲ್ಲ. ಈಗ ಆಸ್ಪತ್ರೆಗಳ ಫಲಕಗಳಲ್ಲಿ 'ಪುರುಷ ಬಂಜೆತನ' ಎಂದು ಬರೆಸುತ್ತಾರೆ. ಅದೂ ಹೆಣ್ಣಿನಿಂದ ಕಡ ತಂದ ಪದವೇ. ಪದವಿಲ್ಲದ ಕಡೆ ಪ್ರಶ್ನೆಯೂ ಏಳುವುದಿಲ್ಲ. ಪಾಂಡುವಿಗೆ ಒಂದು ಶಾಪವನ್ನಾದರೂ ಕಲ್ಪಿಸಿ, ವಂಶ ನಿಲ್ಲುವುದಕ್ಕೆ ಗಂಡಿನ ಕಡೆಯಿಂದಲೂ ಕಾರಣವಿರಬಹುದೆಂದು ಮಹಾಭಾರತ ಒಪ್ಪಿಕೊಂಡಿತು. ನಮ್ಮ ಊರುಗಳು ಅಷ್ಟನ್ನೂ ಒಪ್ಪಿಕೊಂಡಿರಲಿಲ್ಲ.

ಇನ್ನು ಮನೆಯ ಮಾತು. ಇದನ್ನು ನನ್ನ ಹೆಂಡತಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ನಮ್ಮ ಮದುವೆಯಾದುದು 1985ರಲ್ಲಿ. ಎರಡು ವರ್ಷ ಕಳೆದರೂ ಮಕ್ಕಳಾಗದಿರಲು ಅವ್ವ ಹರಕೆ ಹೊತ್ತಳು. ಹೆಂಡತಿ ಸೋಮವಾರ ಉಪವಾಸ ಹಿಡಿದಳು. ಒಂದು ಬೆಳಿಗ್ಗೆ, ಚಳಿಯಲ್ಲಿ, ಆಕೆ ಬರಿಗಾಲಿನಲ್ಲಿ ದೇವರಮನೆಯ ಗುಡ್ಡ ಹತ್ತಿದಳು. ಹಿಂದೆ ಚಪ್ಪಲಿ ಮೆಟ್ಟಿಕೊಂಡು ನಾನು. ಗುಡಿಯ ಬಳಿ, ಎದೆಗೆ ಮರಿಯನ್ನು ಅವುಚಿಕೊಂಡಿದ್ದ ಒಂದು ಹೆಣ್ಣು ಮಂಗ ಅವಳ ಕೈಯ ಬಾಳೆಹಣ್ಣನ್ನು ಕಿತ್ತುಕೊಂಡು ಓಡಿತು. ನಾನು ನಕ್ಕೆ. ಆಕೆ ನಗಲಿಲ್ಲ, ಮರಿಯನ್ನೇ ನೋಡುತ್ತ ನಿಂತುಬಿಟ್ಟಳು.

ವೈದ್ಯರನ್ನೂ ಕಂಡೆವು. ನಾಲ್ಕು ಕಡೆ ಅವಳ ತಪಾಸಣೆ ನಡೆಯಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನಾಗಿ ಮುಂದೆ ಬರಲೂ ಇಲ್ಲ. 1989ರಲ್ಲಿ ಬೆಂಗಳೂರಿನ ಒಬ್ಬ ತರುಣ ವೈದ್ಯರು ಅವಳ ಕಾಗದಗಳನ್ನೆಲ್ಲ ಓದಿ, ಕನ್ನಡಕ ತೆಗೆದಿಟ್ಟು, "ಎಲ್ಲ ಸರಿಯಾಗಿದೆ ಮೇಷ್ಟ್ರೆ, ನಿಮ್ಮ ವರದಿ ಎಲ್ಲಿ?" ಎಂದು ಕೇಳಿದರು. ನನ್ನ ವರದಿ ಎಲ್ಲಿಯೂ ಇರಲಿಲ್ಲ. ಹದಿನೈದು ದಿನಗಳ ಮೇಲೆ ಅದೂ ಬಂದಿತು. ವೀರ್ಯದಲ್ಲಿ ವೀರ್ಯಾಣುಗಳು ತೀರ ವಿರಳ, ರಕ್ತದಲ್ಲಿ ಎಫ್.ಎಸ್.ಎಚ್. ಎಂಬ ಹಾರ್ಮೋನು ಮಾತ್ರ ಇರಬೇಕಾದುದಕ್ಕಿಂತ ಬಹಳ ಹೆಚ್ಚು. ಹೆಚ್ಚಿದ್ದರೆ ಒಳ್ಳೆಯದಲ್ಲವೆ ಎಂದು ನಾನು ಕೇಳಿದೆ. "ಅಲ್ಲ ಮೇಷ್ಟ್ರೆ. ಕೆಳಗಿನಿಂದ ಉತ್ತರ ಬಾರದೆ ಇರೋದಕ್ಕೇ ಮೇಲಿನಿಂದ ಪಿಟ್ಯುಟರಿ ಅಷ್ಟು ಜೋರಾಗಿ ಕೂಗ್ತಾ ಇದೆ" ಎಂದರು ಅವರು. ಕಣಿವೆಯ ಮನೆ, ಅಪ್ಪಯ್ಯನ ರೇಡಿಯೊ ಕಣ್ಣಮುಂದೆ ಬಂದುವು. ಕೇಳಿಸಿಕೊಳ್ಳುವ ಜೀವಕೋಶಗಳಲ್ಲಿ ದೋಷವೋ, ವೀರ್ಯಾಣುಗಳ ಮೂಲಕಣಗಳೇ ಬತ್ತಿವೆಯೋ ಹೇಳುವ ಸಾಧನ ಅಂದು ಅವರ ಬಳಿ ಇರಲಿಲ್ಲ. ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಿದರು: ಕಾರಣ ನನ್ನ ಹೆಂಡತಿಯಲ್ಲ.

ಊರಿಗೆ ಮರಳಿದೆವು. "ಏನಂದರು?" ಎಂದಳು ಅವ್ವ. "ಇನ್ನೂ ಕಾಯಬೇಕಂತೆ" ಎಂದೆ. ಹೆಂಡತಿ ನನ್ನ ಮುಖ ನೋಡಿದಳು; ಏನೂ ಹೇಳದೆ ಒಳಗೆ ಹೋದಳು. ಈ ಕಥೆಯ ಉಳಿದ ಭಾಗವನ್ನು ಕೊನೆಗೆ ಹೇಳುತ್ತೇನೆ. ಅಂದು ನನ್ನ ದೇಹದಲ್ಲಿ ನಡೆಯುತ್ತಿದ್ದುದೇನೆಂದು ತಿಳಿಯುವ ಹಂಬಲದಿಂದ ಮುಂದಿನ ವರ್ಷಗಳಲ್ಲಿ ನಾನು ಓದಿದುದನ್ನು ಈಗ ನಿಮ್ಮ ಮುಂದಿಡುತ್ತೇನೆ.

'ಹಾರ್ಮೋನು' ಎಂಬ ಪದ ಹುಟ್ಟಿದುದು 1905ರಲ್ಲಿ. ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್, ಒಂದು ಅಂಗದಲ್ಲಿ ಹುಟ್ಟಿ ರಕ್ತದಲ್ಲಿ ಹರಿದು ಇನ್ನೊಂದು ಅಂಗವನ್ನು ಪ್ರಚೋದಿಸುವ ರಾಸಾಯನಿಕ ದೂತನಿಗೆ, ಗ್ರೀಕಿನಿಂದ ಪದವೊಂದನ್ನು ಆಯ್ದು ಈ ಹೆಸರಿಟ್ಟರು. ಸೋಜಿಗವೆಂದರೆ, ಅದೇ 1905ರಲ್ಲಿ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ, ದೂತನನ್ನು ಬರಮಾಡಿಕೊಳ್ಳುವ ವಿಶೇಷ ವಸ್ತುವೊಂದು ಜೀವಕೋಶದಲ್ಲಿಯೇ ಇರಬೇಕೆಂದು ವಾದಿಸಿದರು. ಹೇಳುವವನಿಗೂ ಕೇಳುವವನಿಗೂ ಒಂದೇ ವರ್ಷ ನಾಮಕರಣವಾಯಿತೆನ್ನಬಹುದು. ಆದರೆ ಹಾರ್ಮೋನಿನ ಹೆಸರು ಮನೆಮಾತಾಯಿತು. ಕೇಳುವವನು ಬಹುಕಾಲ ಊಹೆಯಾಗಿಯೇ ಉಳಿದ. ಆತನನ್ನು ಕನ್ನಡದಲ್ಲಿ 'ಗ್ರಾಹಕ' ಎನ್ನುತ್ತಾರೆ. ಅಂಗಡಿಯ ಗಿರಾಕಿಯೂ ಗ್ರಾಹಕನೇ ಆದುದರಿಂದ ನನಗೆ ಈ ಪದ ಅಷ್ಟು ಹಿಡಿಸದು. 'ಕಿವಿ' ಎಂದರೇ ಸಾಕೆಂದು ತೋರುತ್ತದೆ.

ಹಾರ್ಮೋನು ರಕ್ತದಲ್ಲಿ ದೇಹದ ಮೂಲೆಮೂಲೆಗೂ ಹರಿಯುತ್ತದೆ. ಆದರೆ ಯಾವ ಜೀವಕೋಶಕ್ಕೆ ಅದರ ಕಿವಿಯಿದೆಯೋ ಅದು ಮಾತ್ರ ಕೇಳುತ್ತದೆ. ಉಳಿದುವಕ್ಕೆ ಅದು ಕೋಣನ ಮುಂದೆ ಬಾರಿಸಿದ ಕಿನ್ನರಿ. ಈ ಕಿವಿಗಳಲ್ಲಿಯೂ ಎರಡು ಬಗೆ. ಮಲೆನಾಡಿನ ಮನೆಗೆ ಬರುವವರನ್ನು ನೆನೆದುಕೊಳ್ಳಿ. ಕೆಲವರು ದಣಪೆಯ ಆಚೆಯೇ ನಿಂತು ಸುದ್ದಿ ಹೇಳಿ ಹೋಗುತ್ತಾರೆ. ಮನೆಯ ಆಳು ಅದನ್ನು ಒಳಗೆ ಮುಟ್ಟಿಸುತ್ತಾನೆ. ಪಿಟ್ಯುಟರಿಯ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಹಾರ್ಮೋನುಗಳು ಹೀಗೆ: ಅವುಗಳ ಗ್ರಾಹಕ ಜೀವಕೋಶದ ಹೊರಮೈಯಲ್ಲಿ ಕುಳಿತಿರುತ್ತದೆ. ಹತ್ತಿರದ ನೆಂಟರಾದರೆ ನೇರವಾಗಿ ನಡುಮನೆಗೇ ಬರುತ್ತಾರೆ. ವೃಷಣದಲ್ಲಿ ಹುಟ್ಟುವ ಟೆಸ್ಟೊಸ್ಟೆರಾನ್ ಅಂಥದು. ಅದು ಜೀವಕೋಶದ ಒಳಹೊಕ್ಕು ಅಲ್ಲಿರುವ ತನ್ನ ಗ್ರಾಹಕದೊಡನೆ ಕೂಡಿಕೊಂಡು, ಕೋಶಕೇಂದ್ರದೊಳಗಿನ ವಂಶವಾಹಿಗಳ ಹೊತ್ತಗೆಯಲ್ಲಿ ಯಾವ ಪುಟ ಓದಬೇಕೆಂದು ತೋರಿಸುತ್ತದೆ.

ಗಂಡಿನ ಕಥೆ ತಾಯಿಯ ಗರ್ಭದಲ್ಲಿ ಮೊದಲಾಗುತ್ತದೆ. ಆರು ವಾರಗಳ ಭ್ರೂಣವನ್ನು ನೋಡಿ ಗಂಡೋ ಹೆಣ್ಣೋ ಹೇಳಲಾಗದು. ಪ್ರತಿಯೊಂದು ಭ್ರೂಣದಲ್ಲಿಯೂ ಎರಡೆರಡು ಜೊತೆ ನಾಳಗಳಿರುತ್ತವೆ: ಒಂದು ಜೊತೆ ಮುಂದೆ ಗಂಡಿನ ವೀರ್ಯನಾಳಗಳಾಗಬಲ್ಲದು, ಇನ್ನೊಂದು ಹೆಣ್ಣಿನ ಗರ್ಭಕೋಶವಾಗಬಲ್ಲದು. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ, ತಾಯಿಮೊಲದ ಹೊಟ್ಟೆಯೊಳಗಿದ್ದ ಭ್ರೂಣಗಳಿಂದಲೇ ಲಿಂಗಗ್ರಂಥಿಗಳನ್ನು ತೆಗೆದು, ಅವು ಬೆಳೆಯುವುದನ್ನು ನೋಡಿದರು. ವೃಷಣ ಕಳೆದುಕೊಂಡ ಗಂಡುಭ್ರೂಣಗಳೂ ಹೆಣ್ಣಿನಂತೆಯೇ ಬೆಳೆದುವು. ಗಂಡಾಗಬೇಕಾದರೆ ವೃಷಣದಿಂದ ಎರಡು ಕರೆಗಳು ಹೊರಡಬೇಕು: ಗರ್ಭಕೋಶದ ನಾಳವನ್ನು 'ನೀನು ಅಡಗು' ಎನ್ನುವುದೊಂದು, ವೀರ್ಯನಾಳವನ್ನು 'ನೀನು ಬೆಳೆ' ಎನ್ನುವುದೊಂದು. ಎರಡನೆಯದು ಟೆಸ್ಟೊಸ್ಟೆರಾನ್. ಹೊಟ್ಟೆಯಲ್ಲಿ ಹುಟ್ಟಿದ ವೃಷಣ ಕೆಳಗಿಳಿದು ತನ್ನ ಸ್ಥಾನಕ್ಕೆ ಬರುವುದಕ್ಕೂ ಇಂಥವೇ ಕರೆಗಳೂ ಕಿವಿಗಳೂ ಬೇಕು.

ಕರೆಯಿದ್ದು ಕಿವಿಯಿಲ್ಲದಿದ್ದರೆ? 1953ರಲ್ಲಿ ಅಮೆರಿಕದ ಜಾನ್ ಮಾರಿಸ್ ಎಂಬ ವೈದ್ಯರು ಎಂಬತ್ತಕ್ಕೂ ಹೆಚ್ಚು ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ಬರೆದರು. ಎಲ್ಲರೂ ನೋಟಕ್ಕೆ ಹೆಂಗಸರು. ಹೆಣ್ಣಾಗಿ ಬೆಳೆದವರು, ಹೆಣ್ಣೆಂದೇ ತಮ್ಮನ್ನು ಭಾವಿಸಿದವರು. ಆದರೆ ಅವರು ಮುಟ್ಟಾಗುತ್ತಿರಲಿಲ್ಲ, ಗರ್ಭಕೋಶವಿರಲಿಲ್ಲ, ದೇಹದೊಳಗಿದ್ದುದು ವೃಷಣ. ಇಂಥವರ ವರ್ಣತಂತುಗಳು ಗಂಡಸಿನವು. ವೃಷಣ ಗಂಡಸಿನಷ್ಟೇ ಟೆಸ್ಟೊಸ್ಟೆರಾನ್ ಸುರಿಸುತ್ತದೆ. ದೇಹದ ಯಾವ ಜೀವಕೋಶಕ್ಕೂ ಅದನ್ನು ಕೇಳುವ ಕಿವಿಯಿಲ್ಲ, ಅಷ್ಟೆ. ಆ ಗ್ರಾಹಕದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆಯೆಂಬುದೂ, ಅದರ ಪೂರ್ಣ ಸ್ವರೂಪವೂ 1988ರ ಹೊತ್ತಿಗೆ ಸ್ಪಷ್ಟವಾದುವು. ಸ್ಪೇನಿನ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ ಇಂಥವರಲ್ಲಿ ಒಬ್ಬರು. 1985ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಅವರ ವರ್ಣತಂತು ಪರೀಕ್ಷಿಸಿ, ಹೆಣ್ಣಲ್ಲವೆಂದು ತಡೆದರು. ಮುಂದೆ ಅವರ ಪದಕ, ದಾಖಲೆಗಳೂ ಹೋದುವು. ಟೆಸ್ಟೊಸ್ಟೆರಾನಿನಿಂದ ಅವರ ದೇಹಕ್ಕೆ ಯಾವ ಲಾಭವೂ ಆಗಿಲ್ಲವೆಂಬುದು ಮನವರಿಕೆಯಾಗಿ, 1988ರಲ್ಲಿ ಅವರಿಗೆ ಮತ್ತೆ ಸ್ಪರ್ಧಿಸುವ ಹಕ್ಕು ದೊರೆಯಿತು. ಗಂಡಸುತನವೆಂಬುದು ರಕ್ತದಲ್ಲಿ ಹರಿಯುತ್ತದೆಂದು ಮೀಸೆ ತಿರುವುವವರು ಈ ಒಂದು ಸಂಗತಿಯನ್ನು ನೆನೆದರೆ ಸಾಕು.

ಹುಟ್ಟಿದ ಗಂಡುಮಗುವಿನ ಈ ವ್ಯವಸ್ಥೆ ಕೆಲವು ತಿಂಗಳು ಎಚ್ಚರವಾಗಿದ್ದು, ಆಮೇಲೆ ಹರೆಯದವರೆಗೆ ನಿದ್ದೆಹೋಗುತ್ತದೆ. ನಮ್ಮ ಕಡೆ ಕಾಫಿಗಿಡದ ಮೊಗ್ಗು ಬೇಸಗೆಯ ಒಣಹವೆಯಲ್ಲಿ ಬಾಯಿ ಬಿಗಿದು ಕಾದಿದ್ದು, ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಮಳೆ ಬಂದರೆ ಮಾತ್ರ ಸಾಲದು, ಮೊಗ್ಗೂ ಹದಕ್ಕೆ ಬಂದಿರಬೇಕು. ಹರೆಯದ ಕರೆಯನ್ನು ಕೇಳುವ ಒಂದು ಗ್ರಾಹಕ ಮಿದುಳಿನಲ್ಲಿಯೂ ಇದೆ. ಅದು ಕೆಟ್ಟವರಿಗೆ ಹರೆಯವೇ ಬರುವುದಿಲ್ಲವೆಂದು 2003ರಲ್ಲಿ ಎರಡು ಸಂಶೋಧಕ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡುವು.

ಹರೆಯ ಬಂದಿತೆನ್ನಿ. ಆಗ ಪಿಟ್ಯುಟರಿಯಿಂದ ಎರಡು ಕರೆಗಳು ವೃಷಣಕ್ಕೆ ಇಳಿದುಬರುತ್ತವೆ. ಎಲ್.ಎಚ್. ಕರೆಯನ್ನು ಕೇಳುವುದು ಲೇಡಿಗ್ ಕೋಶಗಳು. ಕೇಳಿ ಟೆಸ್ಟೊಸ್ಟೆರಾನ್ ತಯಾರಿಸುತ್ತವೆ. ಎಫ್.ಎಸ್.ಎಚ್. ಕರೆಯನ್ನು ಕೇಳುವುದು ಸೆರ್ಟೋಲಿ ಕೋಶಗಳು. ಇಟಲಿಯ ಎನ್ರಿಕೊ ಸೆರ್ಟೋಲಿ 1865ರಲ್ಲಿ ವರ್ಣಿಸಿದುದರಿಂದ ಅವಕ್ಕೆ ಆ ಹೆಸರು. ವೀರ್ಯಾಣುವಾಗಿ ಬೆಳೆಯುವ ಕಣಕ್ಕೆ ಎಫ್.ಎಸ್.ಎಚ್. ಕೇಳಿಸದು, ಟೆಸ್ಟೊಸ್ಟೆರಾನ್ ಕೂಡ ಕೇಳಿಸದು. ಅದನ್ನು ಸುತ್ತಲಿಂದ ಅಪ್ಪಿಕೊಂಡು, ಉಣಿಸಿ, ಎರಡೂವರೆ ತಿಂಗಳ ಕಾಲ ಸಾಕಿ ಬೆಳೆಸುವ ಸೆರ್ಟೋಲಿ ಕೋಶವೇ ಅದರ ಪರವಾಗಿ ಎರಡೂ ಕರೆಗಳನ್ನು ಕೇಳುತ್ತದೆ. ಗಂಡಿನ ವೀರ್ಯವೆಂದು ಕಾವ್ಯಗಳಲ್ಲಿ ಏನೆಲ್ಲ ಆರ್ಭಟವಿದೆಯೋ ಅದರ ಮೂಲದಲ್ಲಿ ಇರುವುದು ಒಬ್ಬ ಸಾಕುತಾಯಿ. ಇದನ್ನು ಓದಿದ ದಿನ ನನಗೆ ವಿಚಿತ್ರವಾದ ಸಮಾಧಾನವಾಯಿತು.

ಈ ಎರಡು ಕರೆಗಳನ್ನು ಬೇರ್ಪಡಿಸಿ ನೋಡಿದ ಮಹತ್ತ್ವದ ಪ್ರಯೋಗಗಳು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದುವೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು. ಪ್ರೊಫೆಸರ್ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಅಲ್ಲಿ ಆರಿಸಿಕೊಂಡ ಪ್ರಾಣಿ, ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿಕೊಂಡ ನಮ್ಮ ಸಾಮಾನ್ಯ ಮಂಗ. ದೇವರಮನೆಯಲ್ಲಿ ನನ್ನ ಹೆಂಡತಿಯ ಬಾಳೆಹಣ್ಣು ಕಿತ್ತುಕೊಂಡ ಜಾತಿಯದೇ. ಅವರ ತರ್ಕ ಸರಳ. ಎಫ್.ಎಸ್.ಎಚ್. ಕರೆಯೊಂದನ್ನೇ ತಡೆದರೆ ವೀರ್ಯಾಣುಗಳು ಕಡಿಮೆಯಾಗಬೇಕು, ಟೆಸ್ಟೊಸ್ಟೆರಾನ್ ಮಾತ್ರ ಎಂದಿನಂತೆ ಇರಬೇಕು; ಹಾಗಾದರೆ ಗಂಡಸರೂ ಬಳಸಬಹುದಾದ ಸಂತಾನನಿಯಂತ್ರಣದ ಲಸಿಕೆಯೊಂದು ಸಿದ್ಧವಾದೀತು. ಕುರಿಯ ಎಫ್.ಎಸ್.ಎಚ್. ಚುಚ್ಚಿ, ಅದರ ವಿರುದ್ಧ ಮಂಗಗಳ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುವಂತೆ ಮಾಡಿದರು. ಮುಂದೆ, ಮಾಂಟ್ರಿಯಲ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಎಂ. ಆರ್. ಸಾಯಿರಾಂ ಅವರೊಡಗೂಡಿ, ಕರೆಯ ಬದಲು ಕಿವಿಯನ್ನೇ ಮುಚ್ಚಲು ಯತ್ನಿಸಿದರು: ಎಫ್.ಎಸ್.ಎಚ್. ಗ್ರಾಹಕದ ಅಂಶವನ್ನು ಲಸಿಕೆಯಾಗಿ ಕೊಟ್ಟರು. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವೀರ್ಯಾಣುಗಳ ಸಂಖ್ಯೆಯೂ ಫಲವತ್ತತೆಯೂ ಕುಸಿದಿದ್ದುವು, ಟೆಸ್ಟೊಸ್ಟೆರಾನ್ ಕುಂದಿರಲಿಲ್ಲ. 'ಗಂಡಸುತನ' ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ದೇಹದಲ್ಲಿ ಎರಡು ಬೇರೆಬೇರೆ ಸಂಗತಿಗಳು. ಮೀಸೆಗೆ ಕಾರಣವಾದ ಕರೆಯೊಂದು, ಮಗುವಿಗೆ ಬೇಕಾದ ಕರೆ ಇನ್ನೊಂದು. ಲಸಿಕೆ ಮಾರುಕಟ್ಟೆಗೆ ಬರಲಿಲ್ಲ. ಬಂದಿದ್ದರೂ ಎಷ್ಟು ಗಂಡಸರು ತೋಳು ಒಡ್ಡುತ್ತಿದ್ದರೋ ನಾನರಿಯೆ.

ಅದೇ 1997ರಲ್ಲಿ ಫಿನ್‌ಲೆಂಡಿನಿಂದ ಇನ್ನೊಂದು ಸುದ್ದಿ ಬಂದಿತು. ಅಲ್ಲಿಯ ಕೆಲವು ಕುಟುಂಬಗಳಲ್ಲಿ ಎಫ್.ಎಸ್.ಎಚ್. ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿತ್ತು. ಅಂಥ ಹೆಂಗಸರಲ್ಲಿ ಅಂಡಾಶಯ ಕೆಲಸವನ್ನೇ ಮಾಡುವುದಿಲ್ಲವೆಂದು ಅದಕ್ಕೆ ಎರಡು ವರ್ಷ ಮೊದಲೇ ತಿಳಿದಿತ್ತು. ಅದೇ ದೋಷವಿದ್ದ ಐವರು ಗಂಡಸರನ್ನು ಪರೀಕ್ಷಿಸಿದರೆ, ವೀರ್ಯ ಎಲ್ಲರಲ್ಲಿಯೂ ಒಂದಿಲ್ಲೊಂದು ಬಗೆಯಲ್ಲಿ ಕುಂದಿತ್ತು. ಆದರೆ ಯಾರೊಬ್ಬರಲ್ಲಿಯೂ ಪೂರ್ತಿ ಬತ್ತಿರಲಿಲ್ಲ. ಇಬ್ಬರಿಗೆ ಎರಡೆರಡು ಮಕ್ಕಳೂ ಇದ್ದರು. ಒಂದೇ ಕಿವಿ ಕೆಟ್ಟರೆ ಹೆಣ್ಣಿಗೆ ಬಾಗಿಲು ಮುಚ್ಚಿಯೇ ಹೋಗುತ್ತದೆ, ಗಂಡಿಗೆ ಅರೆತೆರೆದು ಉಳಿಯುತ್ತದೆ. ಆದುದರಿಂದಲೇ, ಗಂಡಿನ ವಿಷಯದಲ್ಲಿ 'ಆಗುತ್ತದೆ', 'ಆಗುವುದಿಲ್ಲ' ಎಂಬ ಎರಡೇ ಉತ್ತರಗಳಿಲ್ಲ. ನಡುವೆ ಹಲವು ಮೆಟ್ಟಿಲುಗಳುಂಟು.

ಇನ್ನೊಂದು ಸಂಗತಿ. ಹೆಣ್ಣಿನ ಹಾರ್ಮೋನೆಂದು ನಾವು ಕರೆಯುವ ಈಸ್ಟ್ರೋಜೆನ್‌ನ ಗ್ರಾಹಕ ಗಂಡಿನ ದೇಹದಲ್ಲಿಯೂ ಇದೆ, ಅದೂ ವೃಷಣದಿಂದ ಹೊರಡುವ ಸಣ್ಣ ನಾಳಗಳಲ್ಲಿ ಹೇರಳವಾಗಿದೆ. ಆ ಗ್ರಾಹಕವಿಲ್ಲದ ಗಂಡಿಲಿಗಳಿಗೆ ಮರಿಗಳಾಗವು. ನಾಳದಲ್ಲಿ ದ್ರವ ಹೀರಿಕೆಯಾಗದೆ ನಿಂತು ವೀರ್ಯಾಣುಗಳು ಹಾಳಾಗುತ್ತವೆಂದು ಅಮೆರಿಕದ ರೆಕ್ಸ್ ಹೆಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಅರ್ಧನಾರೀಶ್ವರನನ್ನು ಕಲ್ಲಿನಲ್ಲಿ ಕಡೆದು ಕೈಮುಗಿದ ನಾಡಿನವರಿಗೆ ಇದು ಅಷ್ಟೇನೂ ಬೆರಗು ಹುಟ್ಟಿಸಬಾರದು.

ಕಿವಿ ಹುಟ್ಟಿನಿಂದಲೇ ಕೆಡುವುದು ಒಂದು; ಹೊರಗಿನಿಂದ ಬಂದ ವಿಷ ಕರೆಗಳನ್ನೂ ಕಿವಿಗಳನ್ನೂ ಗೊಂದಲಕ್ಕೆ ಈಡುಮಾಡುವುದು ಇನ್ನೊಂದು. ದೇವರಮನೆಯ ಗುಡ್ಡದ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕೆಳಗೆ ದಕ್ಷಿಣ ಕನ್ನಡದ ಕಾಡು, ತೋಟಗಳು ಕಾಣುತ್ತವೆ. ಅಲ್ಲಿಯ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಪುಗಳಿಗೂ, ಇನ್ನೂ ದಕ್ಷಿಣಕ್ಕೆ ಕಾಸರಗೋಡಿನ ಕನ್ನಡದ ಹಳ್ಳಿಗಳ ಪಕ್ಕದ ಗೇರುತೋಪುಗಳಿಗೂ, 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ, ವಾಣೀನಗರದ ವೈದ್ಯ ಡಾಕ್ಟರ್ ವೈ. ಎಸ್. ಮೋಹನ ಕುಮಾರ್, ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು 1990ರ ದಶಕದಲ್ಲಿಯೇ ಬೆರಳುಮಾಡಿ ತೋರಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಬಂದು, ಹತ್ತರಿಂದ ಹತ್ತೊಂಬತ್ತು ವಯಸ್ಸಿನ 117 ಶಾಲಾಬಾಲಕರನ್ನೂ, ಸಿಂಪಡಣೆಯಿಲ್ಲದ ಊರಿನ 90 ಬಾಲಕರನ್ನೂ ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಪಡ್ರೆಯ ಹುಡುಗರಲ್ಲಿ ಹರೆಯದ ಬೆಳವಣಿಗೆ ತಡವಾಗಿತ್ತು. ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೂ ಟೆಸ್ಟೊಸ್ಟೆರಾನ್ ಕಡಿಮೆ, ಎಲ್.ಎಚ್. ಹೆಚ್ಚು. ವೃಷಣ ಕೆಳಗಿಳಿಯುವುದಕ್ಕೆ ಸಂಬಂಧಿಸಿದ ದೋಷಗಳು ಅಲ್ಲಿ ನೂರಕ್ಕೆ 5.1, ಇಲ್ಲಿ 1.1, ಆದರೆ ಸಂಖ್ಯೆ ಸಣ್ಣದಾದುದರಿಂದ ಈ ಕೊನೆಯ ವ್ಯತ್ಯಾಸವನ್ನು ಖಚಿತವೆನ್ನಲಾಗದೆಂದು ಅವರೇ ಬರೆದಿದ್ದಾರೆ.

ಮೇಲಿನಿಂದ ಕೂಗು ಹೆಚ್ಚು, ಕೆಳಗಿನಿಂದ ಉತ್ತರ ಕಡಿಮೆ: ಆ ವರದಿ ಓದುವಾಗ ನನ್ನ ಹಳೆಯ ಕಾಗದ ನೆನಪಾಯಿತು. ನನ್ನ ಕೊರತೆಗೂ ಆ ವಿಷಕ್ಕೂ ಸಂಬಂಧವಿಲ್ಲ; ನಮ್ಮ ತೋಟದಲ್ಲಿ ಕಾಫಿಯ ಕಾಯಿಕೊರಕ ಹುಳುವಿಗೆಂದು ಎಂಡೋಸಲ್ಫಾನ್ ಹೊಡೆದುದು ನನ್ನ ಪರೀಕ್ಷೆಯಾದ ಎಷ್ಟೋ ವರ್ಷಗಳ ಮೇಲೆ. ಆದರೆ ಹೊಡೆದೆವು, ಬರಿಗೈಯಲ್ಲಿ, ಬರಿಮೈಯಲ್ಲಿ ಆಳುಮಕ್ಕಳಿಂದ ಹೊಡೆಸಿದೆವು. ಅವರಲ್ಲಿ ಹದಿಹರೆಯದ ಹುಡುಗರೂ ಇದ್ದರು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶಾದ್ಯಂತ ತಡೆಯಿತು. ಪಡ್ರೆಯ ವೈದ್ಯರ ಕರೆ ದೆಹಲಿಗೆ ಕೇಳಿಸಲು ಅಷ್ಟು ವರ್ಷ ಹಿಡಿಯಿತು.

ಈಗ ನನ್ನ ಕಥೆಯ ಉಳಿದ ಭಾಗ. ನಾನು ಎರಡು ವರ್ಷ ಬಾಯಿ ಬಿಡಲಿಲ್ಲ. ಆ ಎರಡು ವರ್ಷ ನನ್ನ ಹೆಂಡತಿ ಊರಿನ ಸೀಮಂತಗಳಿಗೆ ಹೋಗಲಿಲ್ಲ. ಹೋದ ಕಡೆ ಆರತಿಯ ತಟ್ಟೆ ಅವಳನ್ನು ದಾಟಿ ಮುಂದೆ ಹೋಗುತ್ತಿತ್ತು. ಸತ್ಯ ತಿಳಿದಿದ್ದೂ ಆಕೆ ಒಂದು ಮಾತನ್ನೂ ಆಡಲಿಲ್ಲ. ನನ್ನ ಮಾನವನ್ನು ಕಾಯುತ್ತಿರುವಳೆಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕಾಯಗೊಟ್ಟೆ. 1991ರ ಕಾಫಿ ಕೊಯ್ಲಿನ ಒಂದು ಸಂಜೆ, ಕಣದಲ್ಲಿ ಹಣ್ಣು ಹರಡುತ್ತಿದ್ದ ಅವ್ವನ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದುದು ಇಷ್ಟೆ: "ಎರಡು ವರ್ಷ ಆ ಹುಡುಗಿ ಬಾಯಿ ಮುಚ್ಕೊಂಡು ಇದ್ದಳೇನೋ?" ಮುಂದಿನ ವಾರ ನೆಂಟರ ಮನೆಯ ಸೀಮಂತಕ್ಕೆ ಸೊಸೆಯ ಕೈಹಿಡಿದು ತಾನೇ ಕರೆದುಕೊಂಡು ಹೋದಳು, ಮುತ್ತೈದೆಯರ ಸಾಲಿನಲ್ಲಿ ಮುಂದೆ ಕೂರಿಸಿದಳು. ಯಾರೋ ಮುಖ ಮುಖ ನೋಡಿಕೊಂಡಾಗ, "ನನ್ನ ಸೊಸೇಲಿ ಯಾವ ಊನವೂ ಇಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನನ್ನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಒಂದೇ ಒಂದು ವೀರ್ಯಾಣುವನ್ನು ಹಿಡಿದು ಅಂಡದೊಳಗೆ ಸೇರಿಸಿ ಶಿಶುವನ್ನು ಪಡೆಯುವ ವಿಧಾನ ಬ್ರಸೆಲ್ಸ್‌ನಲ್ಲಿ ಫಲಿಸಿದುದು 1992ರಲ್ಲಿ. ಅದು ನಮ್ಮ ಕಡೆಗೆ ಬರುವ ವೇಳೆಗೆ ನಾವು ಆಸೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಾಗಿತ್ತು. ಇಂದಿನ ತರುಣರಿಗೆ ದಾರಿಗಳು ಹೆಚ್ಚಿವೆ. ಪಿಟ್ಯುಟರಿಯ ಕರೆಯೇ ಇಲ್ಲದವರಿಗೆ ಆ ಹಾರ್ಮೋನುಗಳನ್ನು ಚುಚ್ಚಿ ವೀರ್ಯಾಣುಗಳು ಹುಟ್ಟುವಂತೆ ಮಾಡಬಹುದು. ಆದರೆ ಗಂಡಸುತನ ಹೆಚ್ಚಿಸಿಕೊಳ್ಳುವೆವೆಂದು ವೈದ್ಯರನ್ನು ಕೇಳದೆ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುವವರು ಒಂದು ಮಾತು ತಿಳಿದಿರಲಿ: ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದರೆ ಪಿಟ್ಯುಟರಿ ತನ್ನ ಕರೆಯನ್ನು ನಿಲ್ಲಿಸುತ್ತದೆ, ತೋಳು ಉಬ್ಬುತ್ತದೆ, ವೀರ್ಯಾಣು ಬತ್ತುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ, ಜಗತ್ತಿನ ವಯಸ್ಕರಲ್ಲಿ ಸುಮಾರು ಆರಕ್ಕೆ ಒಬ್ಬರು ತಮ್ಮ ಜೀವನದಲ್ಲಿ ಎಂದಾದರೊಮ್ಮೆ ಈ ಸಂಕಟವನ್ನು ಕಾಣುತ್ತಾರೆ. ಅಂಥ ದಂಪತಿಗಳಲ್ಲಿ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ವೀರ್ಯಪರೀಕ್ಷೆ ಎಲ್ಲ ಪರೀಕ್ಷೆಗಳಿಗಿಂತ ಸುಲಭವಾದುದು, ನೋವಿಲ್ಲದುದು, ಕಡಿಮೆ ಖರ್ಚಿನದು. ಆದರೂ ಅದು ಕೊನೆಗೆ ನಡೆಯುತ್ತದೆ. ಎಷ್ಟೋ ಮನೆಗಳಲ್ಲಿ ನಡೆಯುವುದೇ ಇಲ್ಲ. ನಿಮ್ಮ ಮನೆಯಲ್ಲಿ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಮಾತು ಬಂದರೆ, ಮೊದಲು ಮಗನನ್ನು ಕರೆದೊಯ್ಯಿರಿ. ಅದರಿಂದ ಅವನ ಮಾನಕ್ಕೇನೂ ಕುಂದಿಲ್ಲ. ಎಷ್ಟೋ ಕಿವಿಗಳು ಎಷ್ಟೋ ಕರೆಗಳನ್ನು ಸರಿಯಾದ ಹೊತ್ತಿಗೆ ಕೇಳಿಸಿಕೊಂಡರೆ ಆಗುವ ಕೆಲಸವಿದು. ಒಂದು ಕಡೆ ತಪ್ಪಿದರೆ ಅದು ಯಾರ ಪಾಪವೂ ಅಲ್ಲ.

ಈ ಭಾಷಣವನ್ನು ಬರೆದು ಹೆಂಡತಿಗೆ ಓದಿಹೇಳಿದೆ. "ಬಾಳೆಹಣ್ಣಿನ ವಿಷಯ ಇನ್ನೂ ನೆನಪಿಟ್ಟಿದ್ದೀರಾ?" ಎಂದು ನಕ್ಕಳು. ಆಮೇಲೆ, "ಹೇಳಿ, ಯಾವುದಾದರೂ ಮನೆಯಲ್ಲಿ ಯಾರಾದರೂ ಕೇಳಿಸಿಕೊಳ್ಳಲಿ" ಎಂದಳು.